ಸಾವಿರದ ನೂರ ನಲವತ್ತು ಹೆಜ್ಜೆ

ಮಾರ್ಚ್ 4, ಸೋಮವಾರ

ಈ ಪುಸ್ತಕ ತಂದದ್ದು ಕಣ್ಣಿನ ಡಾಕ್ಟರ ಅಪ್ಪಣೆಯಂತೆ. ಅಕ್ಕನ ಕಣ್ಣಿನ ಒತ್ತಡ ಮತ್ತೆ ಏರಿದೆ. ದಿನಾ ಸಂಜೆ ಆರಕ್ಕೆ ಎರಡೂ ಕಣ್ಣಿಗೆ ಒಂದೊಂದು ಹನಿ, ಹಾಕಿದ್ದನ್ನು ಬರೆದಿಟ್ಟು ಮೂರು ತಿಂಗಳ ಮೇಲೆ ತೋರಿಸಬೇಕು. "ಈ ಕಾಯಿಲೆ ನೋವು ಕೊಡಲ್ಲ, ಸದ್ದು ಮಾಡಲ್ಲ, ಕದ್ದುಕೊಂಡು ಹೋಗುತ್ತೆ. ಹೋದ ದೃಷ್ಟಿ ವಾಪಸ್ ಬರಲ್ಲ" ಎಂದರು. ನನ್ನ ಮುಖ ನೋಡಿ ಹೇಳಿದರು, ಅಕ್ಕನ ಮುಖ ನೋಡಿ ಅಲ್ಲ.

ಒಂದು ಸಾಲು ಬರೆಯಲು ಇನ್ನೂರು ಪುಟದ ಪುಸ್ತಕ ಯಾಕಪ್ಪ ಎಂದು ಮಗಳು ಕೇಳಿದಳು. ಉಳಿದ ಜಾಗದಲ್ಲಿ ನನ್ನ ಮಾತು ಬರೆದುಕೊಳ್ಳುತ್ತೇನೆ, ನಿನಗೆ ಕೇಳುವ ಪುರುಸೊತ್ತಿಲ್ಲವಲ್ಲ ಎಂದೆ. ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಬೆಳಗ್ಗೆಯಿಂದ ರಾತ್ರಿ ಎಂಟರವರೆಗೆ ಗಾಜಿನ ಕೊಳವೆಗಳ ಜೊತೆ ಇರುತ್ತಾಳೆ. ಮಾತು ಅಲ್ಲೇ ಖರ್ಚಾಗಿಬಿಡುತ್ತದೇನೋ.

ಹನಿ ಹಾಕುವ ಕೆಲಸ ಮೊದಲು ನನ್ನವಳದಾಗಿತ್ತು. ಅವಳಿಗೂ ಅಕ್ಕನಿಗೂ ಸೌಟು ಎಲ್ಲಿ ನೇತು ಹಾಕಬೇಕು ಎಂಬುದರಲ್ಲೂ ಒಮ್ಮತವಿರಲಿಲ್ಲ. ಆದರೂ ಆರು ಗಂಟೆಗೆ ಅಕ್ಕ ಜಗಳ ನಿಲ್ಲಿಸಿ ಅವಳ ತೊಡೆಯ ಮೇಲೆ ತಲೆಯಿಡುತ್ತಿದ್ದಳು. ಹನಿ ಬಿದ್ದ ಮೇಲೆ ಜಗಳ ಮುಂದುವರಿಯುತ್ತಿತ್ತು. ಆಸ್ಪತ್ರೆಯಲ್ಲಿ ಕೊನೆಯ ವಾರ ನನ್ನವಳು ಸ್ಪಷ್ಟವಾಗಿ ಹೇಳಿದ್ದು ಎರಡೇ ಮಾತು. ಗ್ಯಾಸ್ ಬಂದ್ ಮಾಡಿ. ಅಕ್ಕನ ಹನಿ ಮರೀಬೇಡಿ. ಅಕ್ಕನ ಕೈ ನಡುಗುತ್ತದೆ, ತಾನೇ ಹಾಕಿಕೊಳ್ಳಲಾರಳು. ನಮ್ಮ ಮನೆಗೇ ಬಂದು ಇರು ಎಂದರೆ, "ಡಬ್ಬದೊಳಗೆ ನಿಂತ್ಕೊಂಡು ಮೂರನೇ ಮಹಡಿಗೆ ಏರೋಳಲ್ಲ ನಾನು" ಎನ್ನುತ್ತಾಳೆ. ಲಿಫ್ಟು ಎಂದರೆ ಅವಳಿಗೆ ಅಷ್ಟು ಸಿಟ್ಟು.

ನಮ್ಮ ಹಿಂದಿನ ಚಿಕ್ಕ ಗೇಟಿನಿಂದ ಅವಳ ಹೊಸ್ತಿಲಿಗೆ ಸಾವಿರದ ನೂರ ನಲವತ್ತು ಹೆಜ್ಜೆ. ಇವತ್ತೂ ಎಣಿಸಿದೆ. ಮೂವತ್ತನಾಲ್ಕು ವರ್ಷ ನೀರಿನ ಮೀಟರ್ ರೀಡರ್ ಆಗಿದ್ದವನ ಕಾಲು ತಾನಾಗಿ ಎಣಿಸುತ್ತದೆ.

ಹನಿ: ಆರು ಗಂಟೆ, ಎರಡೂ ಕಣ್ಣು.

ಮಾರ್ಚ್ 9, ಶನಿವಾರ

ನಡೆಯುವುದರ ಸುಖ ಬರೆದರೆ ಮುಗಿಯದು. ಗೇಟು ದಾಟಿದರೆ ಹಿಟ್ಟಿನ ಗಿರಣಿ. ಅದರ ಮುಂದೆ ಹೋಗುವಾಗ ಬಿಸಿ ಹಿಟ್ಟಿನ ವಾಸನೆ ಮೂಗಿಗೆ ಬಡಿದು, ಊಟ ಮಾಡಿದವನಿಗೂ ಹಸಿವಾಗುತ್ತದೆ. ಆಮೇಲೆ ಪೈಪ್‌ಲೈನ್ ದಾರಿ. ಕೆಳಗೆ ನನ್ನ ಇಲಾಖೆಯ ದೊಡ್ಡ ಕೊಳವೆ, ಮೇಲೆ ಜನ ತುಳಿದು ತುಳಿದು ನುಣುಪಾದ ಮಣ್ಣು, ಎರಡೂ ಕಡೆ ಮರ. ಅಲ್ಲಿ ಡ್ರಾಯಿಂಗ್ ಮೇಷ್ಟ್ರು ಜೊತೆಯಾಗುತ್ತಾರೆ. ನಮ್ಮ ಕೆಳಗಿನ ಮನೆಯವರು. ಎದುರಿಗೆ ಬರುವವರ ಕಾಲು ನೋಡಿ ಅವರ ಕಸುಬು ಹೇಳುತ್ತಾರೆ. "ಆತ ಹೋಟೆಲಿನವ್ನು, ನೋಡಿ, ಒದ್ದೆ ನೆಲದ ಮೇಲೆ ನಡೆಯೋ ನಡಿಗೆ." ಹತ್ತಕ್ಕೆ ಏಳು ಸರಿ ಇರುತ್ತದೆ. ಉಳಿದ ಮೂರನ್ನು ನಾವು ಕೇಳಿ ಪರೀಕ್ಷಿಸುವುದಿಲ್ಲ. ಆಮೇಲೆ ರಸ್ತೆ, ಜೀಬ್ರಾ ಪಟ್ಟಿ, ಹದಿನಾರು ಹೆಜ್ಜೆ, ಅಕ್ಕನ ಸಾಲುಮನೆ.

ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಲೆಕ್ಚರರ್ ದಿನಾ ಸಂಜೆ ನಡೆಯಲು ಹೊರಡುವಾಗ 'ಐ ಆಮ್ ಗೋಯಿಂಗ್ ಫಾರ್ ಮೈ ಕಾನ್‌ಸ್ಟಿಟ್ಯೂಷನಲ್' ಎನ್ನುತ್ತಿದ್ದರು. ಈ ಮನುಷ್ಯನ ಮೇಲೆ ಯಾವುದೋ ಕೇಸಿದೆ, ಪಾಪ, ದಿನಾ ವಕೀಲರ ಹತ್ತಿರ ಹೋಗುತ್ತಾರೆ ಎಂದು ನಾನು ಎರಡು ವರ್ಷ ತಿಳಿದಿದ್ದೆ. ಆರೋಗ್ಯಕ್ಕೆಂದು ದಿನಾ ನಡೆಯುವುದನ್ನು ಇಂಗ್ಲಿಷಿನವರು ಹಾಗನ್ನುತ್ತಾರಂತೆ. ಪಿಯುಸಿ ಇಂಗ್ಲಿಷಿನಲ್ಲಿ ಐವತ್ತೊಂಬತ್ತು ಬಂತು. ಅರವತ್ತು ಬಂದಿದ್ದರೆ ನಾನೂ ಲೆಕ್ಚರರ್ ಆಗಿ ಕುಳಿತು ದಪ್ಪಗಾಗುತ್ತಿದ್ದೆ.

ಇವತ್ತು ದಾರಿಯ ಮರಗಳ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆದಿದ್ದಾರೆ. ಒಂದರಿಂದ ಅರವತ್ತೆಂಟರವರೆಗೆ. ಗಿರಣಿಯ ಗೋಡೆಯ ಮೇಲೆ ಒಂದು ಬಾಣ. ಇಲಾಖೆಯಲ್ಲಿದ್ದವನಿಗೆ ಆ ಬಣ್ಣದ ಅರ್ಥ ಯಾರೂ ಹೇಳಬೇಕಿಲ್ಲ. ಮೇಷ್ಟ್ರಿಗೆ ಹೇಳಲಿಲ್ಲ. ಅವರು ಮರ ನಂಬರ್ ಇಪ್ಪತ್ತೆರಡರ ಚಿತ್ರ ಬರೆಯುತ್ತಿದ್ದರು.

ಹನಿ: ಆರು ಗಂಟೆ, ಎರಡೂ ಕಣ್ಣು. "ನಾಲ್ಕು ನಿಮಿಷ ಲೇಟು ಕಣೋ ಚಕ್ರ" ಎಂದಳು ಅಕ್ಕ. ಕಾಲಿಗೆ ಚಕ್ರ ಕಟ್ಟಿಕೊಂಡವನು ಎಂದು ನನ್ನ ಐದನೆಯ ವಯಸ್ಸಿನಲ್ಲಿ ಅವಳೇ ಇಟ್ಟ ಹೆಸರು.

ಮಾರ್ಚ್ 21, ಗುರುವಾರ

ಸೆಕ್ರೆಟರಿ ಮನೆಗೇ ಬಂದಿದ್ದರು. ನಮ್ಮ ಕಟ್ಟಡದ ಸಂಘದ ಸೆಕ್ರೆಟರಿ ಯಾರ ಮನೆಗೂ ಸುಮ್ಮನೆ ಬರುವವರಲ್ಲ. ಎರಡು ಸೈಕಲ್ ಕಳುವಾಗಿವೆ. ಹಿಂದಿನ ಗೇಟಿನಿಂದ ಯಾರ್ಯಾರೋ ನಡೆದು ಬರುತ್ತಾರೆ, ಹೋಗುತ್ತಾರೆ, ಕ್ಯಾಮೆರಾ ಇಲ್ಲ. ಮುಚ್ಚಿಸಬೇಕು, ಮೇಲಿನ ಅಧಿಕಾರಿಗಳಿಗೆ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬೇಕು.

"ಈಗಿನೋರಿಗೆ ಬರುತ್ತೇನ್ರೀ ಆ ಇಂಗ್ಲಿಷ್. ನಿಮ್ಮ ಕಾಲದ್ದು ಬೇಕು, ಗತ್ತಿರೋದು."

ನನ್ನ ಅಕ್ಕನ ಮನೆಗೆ ಅದೇ ದಾರಿ ಎಂದೆ. "ನಿಮಗೆ ಒಂದು ಕೀ ಕೊಡ್ತೀವಿ ಸಾರ್. ನೀವು ಬೇರೆ, ಯಾರೋ ಬೇರೆ" ಎಂದರು.

ರಾತ್ರಿ ಊಟದ ಮೊದಲು ಬರೆದು ಮುಗಿಸಿದೆ. 'ವಿ ದಿ ಅಂಡರ್‌ಸೈನ್ಡ್ ಬೆಗ್ ಟು ಸಬ್ಮಿಟ್ ದಿ ಫಾಲೋಯಿಂಗ್ ಫ್ಯೂ ಲೈನ್ಸ್ ಫಾರ್ ಯುವರ್ ಕೈಂಡ್ ಪರ್ಯೂಸಲ್.' ಎಷ್ಟು ವರ್ಷವಾಗಿತ್ತು ಆ ವಾಕ್ಯ ಬರೆದು. ಬಾಯಿಬಿಟ್ಟು ಎರಡು ಸಲ ಓದಿದೆ. ಮೊದಲ ಸಹಿ ನನ್ನದೇ.

ಹನಿ: ಆರು ಗಂಟೆ, ಎರಡೂ ಕಣ್ಣು.

ಏಪ್ರಿಲ್ 2, ಮಂಗಳವಾರ

ಹಿಂದಿನ ಗೇಟಿಗೆ ಬೀಗ ಬಿತ್ತು. ಕೀ ಇಬ್ಬರ ಹತ್ತಿರ ಮಾತ್ರ, ಸೆಕ್ರೆಟರಿ ಮತ್ತು ನಾನು. ಜೇಬಿನಲ್ಲಿ ಅದರ ಭಾರ ಒಂದು ಥರ ಚೆನ್ನಾಗಿದೆ.

ಸಂಜೆ ಬೀಗ ತೆಗೆಯುವಾಗ ಹೊರಗಡೆ ನಾಲ್ಕನೇ ಮಹಡಿಯ ಕೆಲಸದಾಕೆ ನಿಂತಿದ್ದಳು. "ಯಜಮಾನ್ರೇ, ನೀವು ಹೊರಗೆ ಬರೋವಾಗ ನಾನು ಒಳಗೆ ಬಂದುಬಿಡ್ತೀನಿ. ಸುತ್ತಿ ಬಂದ್ರೆ ಮುಕ್ಕಾಲು ಗಂಟೆ ಆಗುತ್ತೆ" ಎಂದಳು. ನಿಯಮ ಎಂದರೆ ನಿಯಮ, ನಾನೊಬ್ಬ ಸಡಿಲ ಬಿಟ್ಟರೆ ನಾಳೆ ಇಡೀ ಬೀದಿ ಬರುತ್ತದೆ ಎಂದು ತಿಳಿಸಿ ಹೇಳಿದೆ. ಅವಳು ನಾನು ಬೀಗ ಹಾಕಿ ಎಳೆದು ನೋಡುವುದನ್ನು ನೋಡುತ್ತ ನಿಂತಿದ್ದಳು.

ಮೇಷ್ಟ್ರು ನನ್ನ ಜೊತೆ ಬಂದರು. ಕೀ ಇರುವವರ ಜೊತೆ ಒಬ್ಬರು ಬರಬಹುದು ಎಂದು ನಾನೇ ತೀರ್ಮಾನಿಸಿದ್ದೇನೆ. ಒಂದರಿಂದ ಮೂವತ್ತರವರೆಗಿನ ಮರಗಳು ಇಲ್ಲ. ಬುಡಗಳ ಮೇಲೆ ಮರದ ಪುಡಿ ಇನ್ನೂ ಒದ್ದೆಯಾಗಿತ್ತು.

ಹನಿ: ಆರು ಗಂಟೆ, ಎರಡೂ ಕಣ್ಣು.

ಏಪ್ರಿಲ್ 19, ಶುಕ್ರವಾರ

ಗೇಟಿನ ಬೀಗದ ಜಾಗದಲ್ಲಿ ಒಂದು ಕಬ್ಬಿಣದ ಪಟ್ಟಿ. ವೆಲ್ಡಿಂಗ್ ಮಾಡಿದ್ದಾರೆ. ಕೈ ಇಟ್ಟೆ, ಇನ್ನೂ ಬಿಸಿ. ಕಟ್ಟಡದ ಇನ್ಶೂರೆನ್ಸಿನವರು ಕೀ ಒಪ್ಪುವುದಿಲ್ಲವಂತೆ. "ನಿಮ್ಮ ಅರ್ಜಿ ಎಷ್ಟು ಸ್ಟ್ರಾಂಗ್ ಆಗಿತ್ತು ಅಂದ್ರೆ ಸಾರ್, ಅವರು ಎರಡನೇ ಮಾತೇ ಆಡ್ಲಿಲ್ಲ" ಎಂದರು ಸೆಕ್ರೆಟರಿ. ಬೇಸರವಾಯಿತು. ಆದರೆ ಅರ್ಜಿಯನ್ನು ಯಾರೋ ಅಷ್ಟು ಗಮನವಿಟ್ಟು ಓದಿದರಲ್ಲ ಎಂದೂ ಅನ್ನಿಸಿತು.

ಮುಂದಿನ ದೊಡ್ಡ ಗೇಟಿನಿಂದ ಸುತ್ತಿ ಹೋದೆ. ಮೂರು ಸಾವಿರದ ಒಂಬೈನೂರು ಹೆಜ್ಜೆ. ಫುಟ್‌ಪಾತ್ ಇರುವ ಕಡೆ ಟ್ರಾನ್ಸ್‌ಫಾರ್ಮರ್, ಇಲ್ಲದ ಕಡೆ ಕಾರು. ರಸ್ತೆ ಎಂಟು ಸಾಲಿನದಾಗುತ್ತಿದೆ. ಜೀಬ್ರಾ ಪಟ್ಟಿಯ ಮೇಲೆ ಹೊಸ ಡಾಂಬರು. ಹಳೆಯ ಬಿಳಿ ಗೆರೆ ಒಂದು ಅಂಚಿನಲ್ಲಿ ಮಾತ್ರ ಉಗುರಿನಷ್ಟು ಕಾಣುತ್ತಿತ್ತು. 'ಪಾದಚಾರಿ ಮೇಲ್ಸೇತುವೆ ಶೀಘ್ರದಲ್ಲಿ' ಎಂಬ ಬೋರ್ಡಿದೆ. ಬೋರ್ಡಿನ ಚಿತ್ರದಲ್ಲಿ ಒಬ್ಬ ಹೆಂಗಸು ನಗುತ್ತ ನಡೆಯುತ್ತಿದ್ದಾಳೆ. ಅವಳ ಕಾಲು ಸೇತುವೆಗೆ ತಾಗಿಲ್ಲ ಎಂದು ಮೇಷ್ಟ್ರು ತೋರಿಸಿದರು.

ಹನಿ: ಆರೂ ಐವತ್ತು, ಎರಡೂ ಕಣ್ಣು. ಅಕ್ಕ ಬಾಗಿಲಲ್ಲೇ ಕುಳಿತಿದ್ದಳು.

ಮೇ 6, ಸೋಮವಾರ

ಇವತ್ತಿನದು ಬರೆಯಲು ಕೈ ಓಡುತ್ತಿಲ್ಲ.

ಮೇಷ್ಟ್ರು ನನಗಿಂತ ಹತ್ತು ಹೆಜ್ಜೆ ಮುಂದೆ ದಾಟಿದರು. ಅರ್ಧ ದಾಟಿ ನಡುವಿನ ಕಟ್ಟೆ ಹತ್ತಿದರು. ಮೊಣಕಾಲೆತ್ತರ, ಒಂದಡಿ ಅಗಲ. ಅಷ್ಟರಲ್ಲಿ ಎರಡೂ ಕಡೆ ವಾಹನ ಬಂತು, ಬರುತ್ತಲೇ ಇತ್ತು. ನಾನು ಈಚೆ ದಡದಲ್ಲಿ. ಅವರು ಆ ಕಟ್ಟೆಯ ಮೇಲೆ ನಲವತ್ತು ನಿಮಿಷ ನಿಂತರು. ನಾನು ಗಡಿಯಾರ ನೋಡಿದ್ದೇನೆ. ಮುಂದೆ ಇಲ್ಲ, ಹಿಂದೆ ಇಲ್ಲ. ಕೈ ಎತ್ತಿದರು, ಒಬ್ಬನೂ ನಿಲ್ಲಿಸಲಿಲ್ಲ. ಒಂದು ಕಾರಿನ ಕಿಟಕಿಯಿಂದ ಯಾರೋ ಫೋಟೋ ತೆಗೆದರು. ಕೊನೆಗೆ ಅವರು ಕೈ ಇಳಿಸಿದರು. ಕೆಟ್ಟುಹೋದ ಲಾರಿಯೊಂದು ಒಂದು ಸಾಲು ತಡೆದದ್ದರಿಂದ ಹಿಂದಕ್ಕೆ ಬಂದರು. ಪ್ಯಾಂಟು ಒದ್ದೆಯಾಗಿತ್ತು. ನಾನು ನೋಡದವನಂತೆ ಇದ್ದೆ. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು. "ಅಲ್ಲಿ ನಿಂತಾಗ ನನ್ನ ಕಾಲು ಯಾರದ್ದೋ ಅನ್ನಿಸ್ತು ಕಣ್ರೀ."

ಅಕ್ಕನ ಮನೆ ತಲುಪಲಾಗಲಿಲ್ಲ. ಮಗಳು ಬಂದು ಸ್ಕೂಟರಿನಲ್ಲಿ ಕರೆದುಕೊಂಡು ಹೋದಳು. ತಿರುವು ಹುಡುಕಿ ಹೋಗಲು ಏಳು ಕಿಲೋಮೀಟರ್. "ಅಪ್ಪ, ಇನ್ಮೇಲೆ ನೀನು ಆ ರಸ್ತೆ ದಾಟಿದ್ರೆ ನನ್ನ ಜೊತೆ ಮಾತಾಡಬೇಡ" ಎಂದಳು. ಒಪ್ಪಿದೆ.

ಹನಿ: ರಾತ್ರಿ ಎಂಟೂವರೆ, ಎರಡೂ ಕಣ್ಣು.

ಮೇ 27, ಸೋಮವಾರ

ಮಗಳಿಗೆ ದಿನ ಬಿಟ್ಟು ದಿನ ಹೋಗಿಬರುವುದು ಕಷ್ಟ. ಕಣ್ಣ ಕೆಳಗೆ ಕಪ್ಪಾಗಿದೆ. ಆಟೊದವರು ಏಳು ಕಿಲೋಮೀಟರ್ ಎಂದರೆ ಮುಖ ತಿರುಗಿಸುತ್ತಾರೆ. ಹಾಗಾಗಿ ನಾನೊಂದು ಉಪಾಯ ಮಾಡಿದೆ. ಆರಕ್ಕೆ ಸರಿಯಾಗಿ ಅಕ್ಕನಿಗೆ ಫೋನ್. ಅವಳು ಫೋನನ್ನು ದಿಂಬಿನ ಪಕ್ಕ ಇಟ್ಟು ಮಲಗುತ್ತಾಳೆ. ನಾನು ಹೇಳುತ್ತೇನೆ: "ಮುಚ್ಚಳ ತೆಗಿ. ಎಡಗೈಲಿ ಕೆಳ ರೆಪ್ಪೆ ಎಳಿ. ಬಾಟ್ಲು ನೇರ ಮೇಲೆ. ಹಿಚುಕು."

"ಹಿಚುಕ್ದೆ."

"ಬಿತ್ತಾ?"

"ಎಲ್ಲೋ ಬಿತ್ತು."

"ಕಣ್ಣಿಗೆ ಬಿತ್ತಾ ಅಕ್ಕ?"

"ಒದ್ದೆ ಆಗಿದೆ ಕಣೋ. ಇನ್ನೇನು ಬೇಕು ನಿನಗೆ, ಬೀಗರ ಥರ ಕೇಳ್ತೀಯ."

ವಿಜ್ಞಾನ ಎಷ್ಟು ಮುಂದುವರಿದಿದೆ. ಹೋಗುವುದಕ್ಕೆ ಬರುವುದಕ್ಕೆ ಬೇಕಾಗಿದ್ದ ಒಂದೂವರೆ ಗಂಟೆ ಉಳಿಯಿತು. ಏನು ಮಾಡುವುದೆಂದು ತಿಳಿಯದೆ ಬಾಲ್ಕನಿಯಲ್ಲಿ ನಿಂತೆ. ಮರಗಳು ಹೋದ ಮೇಲೆ ಇಲ್ಲಿಂದ ಇಡೀ ರಸ್ತೆ ಕಾಣುತ್ತದೆ.

ಹನಿ: ಆರು ಗಂಟೆ, ಎರಡೂ ಕಣ್ಣು (ಫೋನಿನಲ್ಲಿ).

ಜೂನ್ 14, ಶುಕ್ರವಾರ

ಕಾಲಿಗೆ ಕೆಲಸ ಬೇಕಲ್ಲ. ತಾರಸಿಯ ಮೇಲೆ ನಲವತ್ತು ಸುತ್ತು ಹಾಕುತ್ತಿದ್ದೆ. ಬಿಸಿನೀರಿನ ಯಂತ್ರ ಕೂರಿಸುತ್ತಾರೆಂದು ತಾರಸಿಗೂ ಬೀಗ. ಈಗ ನಮ್ಮ ಮಹಡಿಯ ಕಾರಿಡಾರು, ಈ ತುದಿಯಿಂದ ಆ ತುದಿಗೆ ಮೂವತ್ತೊಂದು ಹೆಜ್ಜೆ. ಒಂದು ಲಾಭವೂ ಇದೆ, ಬಿಸಿಲಿಲ್ಲ, ಧೂಳಿಲ್ಲ. ಮೇಷ್ಟ್ರನ್ನು ಕರೆದೆ. ಬಾಗಿಲ ಸಂದಿಯಿಂದ ಮಾತಾಡಿಸಿ ಕಳಿಸಿದರು. ಚಪ್ಪಲಿಗಳನ್ನು ಕೆಲಸದವನಿಗೆ ಕೊಟ್ಟುಬಿಟ್ಟರಂತೆ.

ಅಕ್ಕನ ಕಡೆ ಕರೆಂಟಿನ ತೊಂದರೆ. "ಬಲ್ಬು ಯಾಕೋ ಮಂಕಾಗಿದೆ, ಸಂಜೆಗೇ ಕತ್ತಲೆ ಅನ್ಸುತ್ತೆ" ಎಂದಳು. ಆ ಸಾಲುಮನೆಗಳ ವೋಲ್ಟೇಜ್ ಮೊದಲಿನಿಂದಲೂ ಹಾಗೇ. ದೊಡ್ಡ ಬಲ್ಬು ಹಾಕಿಸು ಎಂದೆ.

ಡಾಕ್ಟರ ಹತ್ತಿರ ಹೋಗಬೇಕಾದ ತಾರೀಖು ಕಳೆದ ವಾರವೇ ಆಯಿತು. ಮಗಳಿಗೆ ರಜೆ ಸಿಗಲಿಲ್ಲ. ಮುಂದಿನ ತಿಂಗಳಿಗೆ ಹಾಕಿಸಿಕೊಂಡಿದ್ದೇವೆ.

ಹನಿ: ಆರು ಗಂಟೆ (ಫೋನಿನಲ್ಲಿ).

ಜುಲೈ 1, ಸೋಮವಾರ

ಕಾರಿಡಾರ್, ಅರವತ್ತು ಸಲ. ಹನಿ: ಎಂದಿನಂತೆ.

ಜುಲೈ 18, ಗುರುವಾರ

ಅಕ್ಕನ ಪಕ್ಕದ ಮನೆಯ ಇಸ್ತ್ರಿಯವಳು ಫೋನ್ ಮಾಡಿದ್ದಳು. "ಅಣ್ಣ, ಅಜ್ಜಿ ಹಾಲಿನ ಪ್ಯಾಕೆಟ್ಟು ಬಾಗಿಲ ಮುಂದೇ ಇದ್ರೂ ತಡಕಾಡ್ತಾರೆ. ನಿನ್ನೆ ನಾನು ಎದುರಿಗೆ ನಿಂತಿದ್ರೆ ಯಾರದು ಅಂದ್ರು. ಒಂದ್ಸಲ ಬಂದು ನೋಡ್ಕೊಂಡು ಹೋಗಿ."

ಅಲ್ಲಿ ಬೆಳಕು ಸಾಲದು, ಬಲ್ಬು ಬದಲಾಯಿಸಲು ಹೇಳಿದ್ದೇನೆ ಎಂದೆ.

"ಹಗಲು ಹೊತ್ತಿನ ಮಾತು ಹೇಳ್ತಿದೀನಿ ಅಣ್ಣ" ಎಂದಳು.

ಸಂಜೆ ಅಕ್ಕನನ್ನು ಕೇಳಿದೆ. "ಅವಳಿಗೇನು ಕೆಲಸ, ಬಟ್ಟೆ ಸುಟ್ಟು ನನ್ನ ಮೇಲೆ ಹೇಳ್ತಾಳೆ. ನಾನು ನೆಟ್ಟಗಿದೀನಿ. ನೀನು ಬರೋದು ಯಾವಾಗ?" ಎಂದಳು. ಮೇಲ್ಸೇತುವೆ ಆಗಲಿ ಎಂದೆ.

ಯಾಕೋ ಇವತ್ತೆಲ್ಲ ಇಲಾಖೆಯ ಸಹೋದ್ಯೋಗಿಯೊಬ್ಬನ ನೆನಪು. ಮನೆಗೆ ಬೀಗವಿದ್ದರೆ 'ಡೋರ್ ಲಾಕ್' ಎಂದು ಬರೆದು, ಹಿಂದಿನ ತಿಂಗಳುಗಳ ಸರಾಸರಿ ತುಂಬುವ ಪದ್ಧತಿ ನಮ್ಮಲ್ಲಿತ್ತು. ಅವನು ಟೀ ಅಂಗಡಿಯಲ್ಲಿ ಕುಳಿತೇ ಒಂದು ಇಡೀ ಬೀದಿಗೆ ವರ್ಷವಿಡೀ ಸರಾಸರಿ ಬರೆದ. ಪುಸ್ತಕ ನೋಡಿದರೆ ಎಲ್ಲ ಮನೆಯೂ ಸುಖವಾಗಿತ್ತು. ಒಂದು ಮನೆಯ ಅಡಿಯಲ್ಲಿ ಮಾತ್ರ ಕೊಳವೆ ಒಡೆದು ಹನ್ನೊಂದು ತಿಂಗಳು ನೀರು ಹರಿದಿತ್ತು. ಒಂದು ಬೆಳಗ್ಗೆ ಗೋಡೆ ಒಳಕ್ಕೆ ಕುಸಿಯಿತು. ನಾನು ಒಂದು ಮನೆಗೂ ಸರಾಸರಿ ಬರೆದವನಲ್ಲ. ಬೀಗವಿದ್ದರೆ ಮೂರು ಸಲ ನಡೆದು ಹೋಗುತ್ತಿದ್ದೆ. ಸೀನಿಯರ್ ಇನ್ಸ್‌ಪೆಕ್ಟರು ನನ್ನ ಪುಸ್ತಕದ ಮೇಲೆ 'ವೆರಿಫೈಡ್ ಇನ್ ಪರ್ಸನ್' ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು.

ಹನಿ: ಎಂದಿನಂತೆ.

ಆಗಸ್ಟ್ 5, ಸೋಮವಾರ

ಕಾರಿಡಾರಿನಲ್ಲಿ ನಡೆದರೆ ಕ್ಯಾಮೆರಾದಲ್ಲಿ ಅನುಮಾನ ಬರುತ್ತದೆ ಎಂದು ಯಾರೋ ದೂರು ಕೊಟ್ಟರು, ನಡೆಯಕೂಡದೆಂದು ನೋಟಿಸು ಬಿತ್ತು. ನನಗೆ ಅವಮಾನವಾಗಲಿಲ್ಲ. ಯಾಕೆಂದರೆ ಸಂಘದವರು ನನ್ನನ್ನು ಸುರಕ್ಷತಾ ಸಮಿತಿಗೆ ಸೇರಿಸಿಕೊಂಡಿದ್ದಾರೆ, ಆ ನೋಟಿಸು ಬರೆದವನೇ ನಾನು. 'ಎನಿ ಪರ್ಸನ್ ಫೌಂಡ್ ವಾಕಿಂಗ್ ವಿದೌಟ್ ಪರ್ಪಸ್ ಶಲ್ ಬಿ ಕ್ವೆಶ್ಚನ್ಡ್.' ಎಲ್ಲರಿಗೂ ಒಂದೇ ನಿಯಮ ಇರಬೇಕು.

ಮಗಳು ಕಂತಿನಲ್ಲಿ ನಡೆಯುವ ಯಂತ್ರ ತರಿಸಿದಳು. ಮಲಗುವ ಕೋಣೆಯ ಮೂಲೆಯಲ್ಲಿ ನಿಂತಿದೆ. ಪಟ್ಟಿ ಹಿಂದಕ್ಕೆ ಓಡುತ್ತದೆ, ನಾವು ಇದ್ದಲ್ಲೇ ಮುಂದಕ್ಕೆ ನಡೆಯಬೇಕು. ಎದುರಿನ ಪರದೆಯಲ್ಲಿ ಕಾಡಿನ ದಾರಿ ಬರುತ್ತದೆ, ಹಕ್ಕಿಯ ಸದ್ದೂ ಇದೆ. ಗೋಡೆ ಅರ್ಧ ಅಡಿ ದೂರದಲ್ಲಿದೆ, ಆದರೆ ಅದರ ಕಡೆ ನೋಡಬಾರದು. ಮೊದಲ ದಿನ ಎರಡು ಕಿಲೋಮೀಟರ್. ಬೆವರೂ ಬಂತು. ಹೊರಗೆ ಹೋಗಿ ಪ್ರಾಣ ಕೊಡುವವರನ್ನು ನೋಡಿದರೆ ನಗು ಬರುತ್ತದೆ.

ಡಾಕ್ಟರ ತಾರೀಖು ಮತ್ತೆ ಮುಂದಕ್ಕೆ. ಸೆಪ್ಟೆಂಬರ್. ಅಲ್ಲಿ ತೋರಿಸಲು ನನ್ನ ಈ ಪುಸ್ತಕ ಸಿದ್ಧ. ಒಂದು ದಿನವೂ ಖಾಲಿ ಬಿಟ್ಟಿಲ್ಲ.

ಹನಿ: ಎಂದಿನಂತೆ.

ಆಗಸ್ಟ್ 23, ಶುಕ್ರವಾರ

ಅಕ್ಕನ ನಾಲಿಗೆ ಇನ್ನೂ ಚುರುಕು. ಹನಿ ಬಿತ್ತಾ ಎಂದರೆ, "ಕೆನ್ನೆಗೆ ಚೆನ್ನಾಗಿ ಬೀಳ್ತಿದೆ. ಇನ್ನು ಸ್ವಲ್ಪ ದಿನಕ್ಕೆ ಕೆನ್ನೆಗೇ ಕಣ್ಣು ಕಾಣುತ್ತೆ" ಎಂದಳು. ತುಂಬ ನಕ್ಕೆ. ಮಗಳಿಗೆ ಹೇಳಿದರೆ ಅವಳು ನಗಲಿಲ್ಲ. ಲ್ಯಾಬಿನಿಂದ ದಣಿದು ಬಂದಿದ್ದಳು. ಭಾನುವಾರ ಅತ್ತೆಯನ್ನು ನೋಡಿ ಬರೋಣವೇ ಅಂದಳು. ನನ್ನ ಎಡಗಾಲಿನ ಪಾದದ ಗಂಟು ಎರಡು ವಾರದಿಂದ ಊದಿದೆ, ಸ್ಕೂಟರ್ ಹತ್ತುವಾಗ ಹಿಡಿಯುತ್ತದೆ. ಮುಂದಿನ ಭಾನುವಾರ ಎಂದೆ. "ಅಪ್ಪ, ನೀನು ಮೆಟ್ಟಿಲು ಇಳಿದು ಎಷ್ಟು ದಿನ ಆಯ್ತು ಗೊತ್ತಾ?" ಎಂದಳು. ಲಿಫ್ಟ್ ಇರುವಾಗ ಮೆಟ್ಟಿಲು ಯಾಕೆ. ಲಿಫ್ಟಿನಲ್ಲೂ ಇಳಿದಿಲ್ಲ ಎಂಬುದು ಆಮೇಲೆ ಹೊಳೆಯಿತು. ಇಳಿಯುವ ಕೆಲಸ ಬಿದ್ದಿರಲಿಲ್ಲ, ಅಷ್ಟೆ.

ಯಂತ್ರ: 2.4 ಕಿ.ಮೀ. ಹನಿ: ಎಂದಿನಂತೆ.

ಸೆಪ್ಟೆಂಬರ್ 9, ಸೋಮವಾರ

ಕಾಯುತ್ತ ಕುಳಿತಿದ್ದೇನೆ, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ಬಾಲ್ಕನಿಯಲ್ಲಿ ಕುರ್ಚಿ, ಮಡಿಲಲ್ಲಿ ಪುಸ್ತಕ.

ಐದಕ್ಕೆ ಅಕ್ಕನೇ ಫೋನ್ ಮಾಡಿದಳು. "ಇವತ್ತು ನೀನೇ ಹಾಕು" ಎಂದಳು. ಹೇಗೆ ಬರಲಿ, ಕಾಲು ಊದಿದೆ, ಮಗಳು ಬರುವುದು ಎಂಟಕ್ಕೆ ಎಂದೆ.

"ನೀನು ಬರ್ಬೇಡ. ನಾನೇ ಬರ್ತೀನಿ. ನಿಮ್ಮ ಹಿಂದಿನ ಗೇಟು ಕಂಬಿದು ತಾನೇ, ಕಂಬಿ ಸಂದಿಂದ್ಲೇ ಹಾಕು. ನಾಲ್ಕು ತಿಂಗಳಾಯ್ತು ಕಣೋ ಚಕ್ರ ನಿನ್ನ ಮುಖ ನೋಡಿ. ನೋಡೋದು ಬಿಡು, ಕೈಯಾದ್ರೂ ತಾಗ್ಲಿ."

ರಸ್ತೆ ಇದೆ ಎಂದೆ.

"ದಾರಿ ಹೇಳು. ಹನಿ ಹಾಕೋದು ಹೇಳ್ತೀಯಲ್ಲ, ಹಂಗೇ ಹೇಳು."

ಮೊದಲು ಬೇಡವೆಂದೆ. ಎರಡನೇ ಸಲವೂ ಬೇಡವೆಂದೆ. ಅವಳು ಸುಮ್ಮನಾದಳು. ಅಕ್ಕ ಸುಮ್ಮನಾಗುವವಳಲ್ಲ. ಆ ಮೌನ ನನಗೆ ತಡೆಯಲಾಗಲಿಲ್ಲ. ಅಲ್ಲದೆ ದಾರಿ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಈ ಊರಿನಲ್ಲಿ ಯಾರಿದ್ದಾರೆ. ಕಣ್ಣು ಮುಚ್ಚಿದರೆ ಪ್ರತಿ ಹೆಜ್ಜೆಯೂ ಕಾಣುತ್ತದೆ. ನನ್ನ ಎರಡು ಹೆಜ್ಜೆಗೆ ಅವಳದು ಮೂರು, ಲೆಕ್ಕ ಹಾಕಿ ಹೇಳಿದೆ. ಬಾಗಿಲಿನಿಂದ ಎಡಕ್ಕೆ ನೂರಾ ಐದು, ನಲ್ಲಿ ಸಿಗುತ್ತದೆ. ಬಲಕ್ಕೆ ತಿರುಗಿ ಇನ್ನೂರ ಎಂಬತ್ತು, ಗೋಡೆ ಮುಗಿಯುತ್ತದೆ. ಅಲ್ಲಿ ರಸ್ತೆ. ನನ್ನ ಕಾಲಿನಲ್ಲಿ ಹದಿನಾರು, ನಿನ್ನ ಕಾಲಿನಲ್ಲಿ ಇಪ್ಪತ್ನಾಲ್ಕು. ಈಗ ಸ್ವಲ್ಪ ಅಗಲ ಮಾಡಿದ್ದಾರೆ, ಒಂದಷ್ಟು ಹೆಚ್ಚು ಇಟ್ಟುಕೋ. ನಡುವೆ ಕಟ್ಟೆ ಇದೆ, ಹುಷಾರು. ಅಂಚಿನಲ್ಲಿ ನಿಂತು ಯಾರನ್ನಾದರೂ ಕೈ ಹಿಡಿದು ದಾಟಿಸಿ ಎಂದು ಕೇಳು. ವಯಸ್ಸಾದವರನ್ನು ಕಂಡರೆ ಯಾರಾದರೂ ನಿಲ್ಲುತ್ತಾರೆ. ಅವಳು ಪ್ರತಿಯೊಂದನ್ನೂ ತಿರುಗಿ ಹೇಳಿದಳು, ಮಗ್ಗಿ ಒಪ್ಪಿಸುವವಳ ಹಾಗೆ. ಫೋನನ್ನು ಚೀಲಕ್ಕೆ ಹಾಕಿಕೋ, ಎರಡೂ ಕೈ ಖಾಲಿ ಇರಲಿ ಎಂದೆ.

ಐದೂ ಮೂವತ್ತು. ಇಸ್ತ್ರಿಯವಳ ಫೋನ್. "ಅಜ್ಜಿ ಗೋಡೆ ಸವರ್ಕೊಂಡು ಏನೋ ಎಣಿಸ್ಕೊಂಡು ಹೋದ್ರು. ಕರೆದ್ರೂ ನಿಲ್ಲಲಿಲ್ಲ, ಮರೆತುಹೋಗುತ್ತೆ ಮಾತಾಡಿಸ್ಬೇಡ ಅಂದ್ರು. ಇಸ್ತ್ರಿಪೆಟ್ಟಿಗೆ ಕಾದಿತ್ತು, ಬಿಟ್ಟು ಓಡೋಕಾಗಲಿಲ್ಲ. ನೀವು ಕರ್ಸಿದ್ರಾ ಅಣ್ಣ?" ಹೌದು, ನಾನೇ ದಾರಿ ಹೇಳಿದ್ದೇನೆ, ಅಕ್ಕ ಮೊದಲಿನಿಂದಲೂ ಗೋಡೆ ಬದಿಯಲ್ಲೇ ನಡೆಯುವವಳು ಎಂದೆ. ಅವಳು ಫೋನ್ ಇಟ್ಟಳು.

ಐದೂ ನಲವತ್ತು. ಈಗ ರಸ್ತೆಯ ಅಂಚಿಗೆ ಬಂದಿರಬೇಕು. ಇಲ್ಲಿಂದ ಆಚೆ ದಡದಲ್ಲಿ ಮನುಷ್ಯರು ಕಡ್ಡಿಗಳಷ್ಟು ಕಾಣುತ್ತಾರೆ. ಬಿಳಿ ಸೀರೆಯಂಥದ್ದು ಒಂದು ಕಂಡಂತಾಯಿತು. ಒಂದು ಲಾರಿ ಅಡ್ಡ ಬಂತು. ಕೆಳಗೆ ಹೋಗಿ ಗೇಟಿನ ಹತ್ತಿರ ನಿಲ್ಲಬಹುದು. ಆದರೆ ಗೇಟಿನಿಂದ ರಸ್ತೆ ಕಾಣುವುದಿಲ್ಲ. ಅವಳು ಪೈಪ್‌ಲೈನ್ ದಾರಿಗೆ ಬಂದದ್ದು ಕಂಡ ಕೂಡಲೇ ಇಳಿಯುತ್ತೇನೆ. ಆರಕ್ಕೆ ಇನ್ನೂ ಹೊತ್ತಿದೆ.

ಐದೂ ನಲವತ್ತೆಂಟು. ಏನಾಶ್ಚರ್ಯ, ರಸ್ತೆ ನಿಂತಿದೆ. ಆ ಕಡೆಯ ನಾಲ್ಕು ಸಾಲು, ಈ ಕಡೆಯ ನಾಲ್ಕು ಸಾಲು, ಎಲ್ಲವೂ. ಹಾರ್ನ್ ಕೂಡ ಇಲ್ಲ. ಯಾರೋ ಪುಣ್ಯಾತ್ಮರು ಅವಳಿಗಾಗಿ ಗಾಡಿ ನಿಲ್ಲಿಸಿರಬೇಕು, ಹಿಂದಿನವರೂ ನಿಂತಿರಬೇಕು. ಇನ್ನು ಅವಳು ಅವಸರವಿಲ್ಲದೆ ದಾಟಬಹುದು.

ಕಾರುಗಳ ಬಾಗಿಲು ತೆರೆಯುತ್ತಿವೆ. ಜನ ಇಳಿಯುತ್ತಿದ್ದಾರೆ, ಒಬ್ಬರ ಹಿಂದೆ ಒಬ್ಬರು, ಹತ್ತಾರು ಜನ. ಎಷ್ಟು ತಿಂಗಳಾಯಿತು ಆ ರಸ್ತೆಯ ಮೇಲೆ ಮನುಷ್ಯರು ನಡೆಯುವುದನ್ನು ನೋಡಿ. ಬಾಲ್ಕನಿಯ ಕಂಬಿ ಹಿಡಿದು ಎದ್ದು ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗುತ್ತಿದೆ. ಯಾರೂ ಮಾತಾಡುತ್ತಿರುವಂತೆ ಕಾಣುವುದಿಲ್ಲ. ಎಲ್ಲರೂ ನಡುವಿನ ಕಟ್ಟೆಯ ಕಡೆಗೇ ನಡೆಯುತ್ತಿದ್ದಾರೆ.